ಗಾಳಿ ಎಡಕ್ಕೆ ಬೀಸುತ್ತಿದೆ

ಡೊಂಬಿವಲಿಯಲ್ಲಿ ನಿನ್ನೆಯಿಂದ ಬಿಡದ ಮಳೆ. ಲೋಕಲ್ ರೈಲುಗಳು ತಡ ಎಂಬ ನೆಪ ಸಿಕ್ಕಿದ್ದೇ ರಜೆ ಹಾಕಿ, ಅಣ್ಣನ ಮಗನ ಜೊತೆ ಹಳೆಯ ಡೆಸ್ಕ್‌ಟಾಪಿನ ಮುಂದೆ ಕುಳಿತು ‘ವರ್ಮ್ಸ್ ಆರ್ಮಗೆಡನ್’ ಆಡಿದೆ. ಹುಳುಗಳ ತಂಡಗಳು ಸರದಿಯಂತೆ ಒಂದರ ಮೇಲೊಂದು ಗುಂಡು ಹಾರಿಸುವ 1999ರ ಆಟ, ಅವನಿಗಿಂತ ಬಹಳ ಹಿರಿಯದು.

“ಚಿಕ್ಕಪ್ಪ, ನಿಮ್ಮ ಸರದಿ, ಬೇಗ!”

ಬಝೂಕಾದ ಗುಂಡನ್ನು ಗಾಳಿ ಎಳೆದೊಯ್ಯುತ್ತದೆ, ಗ್ರೆನೇಡನ್ನು ಮುಟ್ಟುವುದಿಲ್ಲ. ಗೊತ್ತಿದ್ದೂ ಬಝೂಕಾವನ್ನೇ ಎತ್ತಿದೆ. ಗುಂಡು ಮೇಲೇರಿ, ಗಾಳಿಗೆ ಹಿಂದಿರುಗಿ, ನನ್ನದೇ ಹುಳುವನ್ನು ನೀರಿಗೆ ಕೆಡವಿತು. ಹುಡುಗನ ನಗು ಕೇಳಿ ಅತ್ತಿಗೆ ಸೌಟು ಹಿಡಿದೇ ಓಡಿ ಬಂದರು.

ನನ್ನ ಕಾಲದ್ದು ಇದಕ್ಕೂ ಹಿಂದಿನದು. 1991ರಲ್ಲಿ ಮೈಕ್ರೋಸಾಫ್ಟಿನ ಹಳೆಯ ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್ 5ರ ಜೊತೆ ಬಂದ ಗೊರಿಲ್ಲಾ ಆಟದಲ್ಲಿ, ಎದುರಿನ ಗೊರಿಲ್ಲಾಗೆ ಬಾಳೆಹಣ್ಣು ಎಸೆಯಲು ಕೋನ, ವೇಗ ಎರಡನ್ನೂ ಅಂಕಿಯಲ್ಲೇ ಟೈಪ್ ಮಾಡಬೇಕಿತ್ತು. ಬಾಳೆಹಣ್ಣು ತಾಗಿದರೆ ಸೂರ್ಯ ಬಾಯಿ ತೆರೆದು ಬೆಚ್ಚುತ್ತಿದ್ದ! ಗಾಳಿಯಿಲ್ಲದ ಸಮತಟ್ಟು ನೆಲದಲ್ಲಿ 45 ಡಿಗ್ರಿಗೆ ಎಸೆದದ್ದೇ ಅತಿ ದೂರ ಹೋಗುತ್ತದೆ ಎಂಬುದು ನನಗೆ ಮನದಟ್ಟಾದದ್ದು ಭೌತಶಾಸ್ತ್ರದ ತರಗತಿಯಲ್ಲಲ್ಲ, ಆ ಗೊರಿಲ್ಲಾಗಳ ಕೈಯಲ್ಲಿ ಸೋತು ಸೋತು.

ಈ ಬಗೆಯ ಆಟಗಳಲ್ಲಿ ನನಗೆ ಹಿಡಿಸುವುದು ಸ್ಫೋಟವಲ್ಲ. ಎದುರಿನವನು ಲೆಕ್ಕ ಹಾಕುವಾಗ ನಾವು ಕೈಕಟ್ಟಿ ಕಾಯಲೇಬೇಕು. ನನ್ನ ಕಚೇರಿಯ ಸಭೆಗಳಲ್ಲಿ ಅಷ್ಟು ಮರ್ಯಾದೆಯನ್ನು ನಾನಂತೂ ಕಂಡಿಲ್ಲ. ನಾನೂ ಕೊಟ್ಟವನಲ್ಲ, ಬಿಡಿ.

ಸದ್ಯಕ್ಕೆ 3-1ರಿಂದ ಸೋತಿದ್ದೇನೆ. ಊಟದ ನಂತರ ಮತ್ತೊಂದು ಪಂದ್ಯ. ಅತ್ತಿಗೆಯೂ ತಮಗೊಂದು ತಂಡ ಬೇಕೆಂದಿದ್ದಾರೆ.