ಅಮ್ಮನ ಒಸಡು, ಎರಡು ಬಾಟಲಿ

ಸಾರು ಬಾಯಿಗಿಟ್ಟರೆ ಸಾಕು, ಅಮ್ಮನ ಕಣ್ಣಲ್ಲಿ ನೀರು. ನಾಲ್ಕು ತಿಂಗಳು ಹೀಗೇ ನಡೆಯಿತು. ಉಷ್ಣ ಅಂದರು, ತುಪ್ಪ ಹಚ್ಚಿದೆವು. ಎಳನೀರು, ಬಿ ಕಾಂಪ್ಲೆಕ್ಸ್ ಎಲ್ಲಾ ಆಯಿತು. ಒಂದು ಕ್ಲಿನಿಕ್‌ನಲ್ಲಿ ಎರಡು ಸಲ ಹಲ್ಲು ಕ್ಲೀನ್ ಮಾಡಿ ಕಳಿಸಿದರು. ಒಸಡು ಮಾತ್ರ ಸಿಪ್ಪೆ ಸುಲಿದ ಹಾಗೆ ಕೆಂಪಗೇ ಇತ್ತು.

ಕೊನೆಗೆ ಡೆಂಟಲ್ ಕಾಲೇಜಿಗೆ ಹೋದೆವು. ಅಲ್ಲಿನ ಮೇಡಂ ಟಾರ್ಚ್ ಬಿಟ್ಟು ತುಂಬಾ ಹೊತ್ತು ನೋಡಿದರು. "ಹೀಗೆ ಸುಲಿಯೋ ಒಸಡು ಮುಖ್ಯವಾಗಿ ಮೂರು ಕಾಯಿಲೆಯಲ್ಲಿ ಕಾಣುತ್ತೆ ಅಮ್ಮ, ಬರೀ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ" ಅಂದರು. ಲೈಕೆನ್ ಪ್ಲಾನಸ್, ಪೆಂಫಿಗಸ್, ಪೆಂಫಿಗಾಯ್ಡ್. ಮೂರರಲ್ಲೂ ಮೈಯ ರೋಗನಿರೋಧಕ ಶಕ್ತಿಯೇ ನಮ್ಮ ಚರ್ಮ, ಬಾಯಿಯ ಪದರದ ಮೇಲೆ ತಿರುಗಿಬೀಳುತ್ತೆ.

ಮೊದಲನೆಯದಾದರೆ ಸಾಮಾನ್ಯವಾಗಿ ಎರಡೂ ಕೆನ್ನೆಯ ಒಳಗೆ ಬಲೆ ಹೆಣೆದ ಹಾಗೆ ತೆಳು ಬಿಳಿ ಗೆರೆ ಇರುತ್ತೆ. ಫಂಗಸ್‌ನ ಬಿಳಿ ಪದರ ಒರೆಸಿದರೆ ಬರುತ್ತೆ, ಈ ಗೆರೆ ಬರಲ್ಲ. ಹಲ್ಲಿನ ಬೆಳ್ಳಿ ಫಿಲ್ಲಿಂಗ್ ತಾಗುವ ಜಾಗದಲ್ಲಿ ಮಾತ್ರ ಇದ್ದರೆ ಅನುಮಾನ ಫಿಲ್ಲಿಂಗ್ ಮೇಲೆ. ಕೆಲವು ಬಿಪಿ ಮಾತ್ರೆಗಳಿಂದಲೂ ಇಂಥದ್ದೇ ಬರುತ್ತಂತೆ, ಅದಕ್ಕೇ ಅಮ್ಮನ ಮಾತ್ರೆ ಚೀಟಿಯನ್ನೂ ಕೇಳಿದರು. ಪೆಂಫಿಗಸ್‌ನಲ್ಲಿ ಗುಳ್ಳೆ ಎಷ್ಟು ತೆಳು ಅಂದರೆ ಎದ್ದದ್ದೇ ಒಡೆದುಹೋಗುತ್ತೆ, ನಮಗೆ ಕಾಣೋದು ಹಸಿ ಹುಣ್ಣು ಅಷ್ಟೇ. ಎಷ್ಟೋ ಜನರಿಗೆ ಅದು ಬಾಯಲ್ಲೇ ಶುರುವಾಗಿ ತಿಂಗಳುಗಳಾದ ಮೇಲೆ ಮೈ ಮೇಲೆ ಏಳುತ್ತೆ. ಪೆಂಫಿಗಾಯ್ಡ್ ಕಣ್ಣಿಗೂ ಹೋಗಬಹುದು. ಬಾಯಿ ನೋಡುವ ಡಾಕ್ಟರು ಅಮ್ಮನ ಕೆಳರೆಪ್ಪೆ ಯಾಕೆ ಎಳೆದು ನೋಡಿದರು ಅಂತ ನನಗೆ ಆಮೇಲೆ ಅರ್ಥವಾಯಿತು.

ಬಯಾಪ್ಸಿಗೆ ಎರಡು ಚೂರು ತೆಗೆದರು, ಎರಡು ಬಾಟಲಿಗೆ ಹಾಕಿದರು. ಒಂದರಲ್ಲಿ ಫಾರ್ಮಾಲಿನ್, ಇನ್ನೊಂದರಲ್ಲಿ ಬೇರೆ ದ್ರಾವಣ. ಆ ಎರಡನೆಯದು ಇಮ್ಯುನೋಫ್ಲೋರೆಸೆನ್ಸ್‌ಗೆ, ಅಂದರೆ ಪದರಕ್ಕೆ ಅಂಟಿಕೊಂಡ ಪ್ರತಿಕಾಯಗಳನ್ನು ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ. ಫಾರ್ಮಾಲಿನ್ ತಗುಲಿದರೆ ಆ ಪರೀಕ್ಷೆ ಕೆಡುತ್ತೆ. ಚೂರು ತೆಗೆದದ್ದೂ ಹುಣ್ಣಿನ ನಡುವಿನಿಂದಲ್ಲ, ಪಕ್ಕದ ಚೆನ್ನಾಗಿರುವ ಜಾಗದಿಂದ. ಹುಣ್ಣಾದ ಕಡೆ ಮೇಲಿನ ಪದರವೇ ಹೋಗಿರುತ್ತಲ್ಲ, ನೋಡೋದಕ್ಕೆ ಏನು ಉಳಿದಿರುತ್ತೆ? ಪೆಂಫಿಗಸ್ ಆದರೆ ಜೀವಕೋಶಗಳ ಸುತ್ತ ಮೀನಿನ ಬಲೆಯಂತೆ ಹೊಳಪು. ಪೆಂಫಿಗಾಯ್ಡ್ ಆದರೆ ಪದರದ ಬುಡದಲ್ಲಿ ಹೊಳೆಯುವ ಒಂದೇ ಗೆರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದರೂ ಬಾಯಿ ಹುಣ್ಣು ಮಾಗದಿದ್ದರೆ ದಯವಿಟ್ಟು ಸುಮ್ನೆ ಕೂರಬೇಡಿ. ಒಸಡು ಹೀಗೆ ಸುಲಿಯುತ್ತಿದ್ದು ಬಯಾಪ್ಸಿ ಮಾಡ್ತೀವಿ ಅಂದರೆ, ಎರಡನೇ ಬಾಟಲಿ ಇದೆಯಾ ಅಂತ ಕೇಳಿ. ಕೇಳೋದರಲ್ಲಿ ತಪ್ಪೇನಿಲ್ಲ, ಅಲ್ವಾ?

ಅಮ್ಮನ ರಿಪೋರ್ಟಿನಲ್ಲಿ ಬಂದದ್ದು ಆ ಒಂದೇ ಗೆರೆ, ಅಂದರೆ ಪೆಂಫಿಗಾಯ್ಡ್. ಈಗ ಒಸಡಿನ ಅಳತೆಗೆ ಮಾಡಿಸಿದ ಟ್ರೇಗೆ ಸ್ಟಿರಾಯ್ಡ್ ಜೆಲ್ ಹಾಕಿ ಇಟ್ಟುಕೊಳ್ಳುತ್ತಾರೆ, ಕಣ್ಣಿನ ಡಾಕ್ಟರ ಹತ್ತಿರ ತಪ್ಪದೆ ಹೋಗುತ್ತಾರೆ. ಮೊನ್ನೆ ಸಾರಿಗೆ ಒಂದು ಒಣಮೆಣಸಿನಕಾಯಿ ಜಾಸ್ತಿ ಹಾಕು ಅಂದರು.