ಲ್ಯಾಟಿನ್ ಸರ್ ಮತ್ತು ಬಚ್ಚಲ ಮೋರಿ

ನಮ್ಮ ಲ್ಯಾಟಿನ್ ಸರ್ ಹೋದ ತಿಂಗಳು ತೀರಿಕೊಂಡರು. ತೊಂಬತ್ತು ದಾಟಿತ್ತು. ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂದಾಗ, ಸೀಸರನ ಯುದ್ಧಗಳಲ್ಲಿ ಒಂದಾದರೂ ನೆನಪಿದೆಯಾ ಅಂತ ತಡಕಾಡಿದೆ. ಇಲ್ಲ. ವರ್ಷ ಪೂರ್ತಿ ಓದಿದ್ದು ಅದನ್ನೇ. ಉಳಿದಿರುವುದು ಒಬ್ಬ ಹೆಂಗಸಿನ ಕಥೆ, ಒಂದು ಸಾಲು ಪದ್ಯ, ಹಾಸ್ಟೆಲಿನ ಬಚ್ಚಲು ಮನೆ.

ನಾನು ಪುತ್ತೂರು ಕಡೆಯವನು. ಪಿಯುಸಿಗೆ ಮಂಗಳೂರಿಗೆ ಬಂದವನು ಸಂಸ್ಕೃತದಿಂದ ತಪ್ಪಿಸಿಕೊಳ್ಳಲು ಲ್ಯಾಟಿನ್ ಹಿಡಿದೆ. ಅಲ್ಲೂ ವಿಭಕ್ತಿಗಳೇ ಕಾದು ಕೂತಿದ್ದವು. ತರಗತಿಯಲ್ಲಿ ಹನ್ನೊಂದು ಜನ. ಹತ್ತು ಮಂದಿ ಇಗರ್ಜಿಯಲ್ಲಿ ಲ್ಯಾಟಿನ್ ಪೂಜೆ ಕೇಳಿಕೊಂಡೇ ಬೆಳೆದವರು. ಆದರೂ ಮೊದಲ ಟೆಸ್ಟಿನಲ್ಲಿ ಜಾಸ್ತಿ ಮಾರ್ಕು ನನಗೇ ಬಂತು. ಇದನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳುವುದಿಲ್ಲ.

1965ರ ಮಾರ್ಚ್ ಕೊನೆ. ಪರೀಕ್ಷೆ ತಲೆಯ ಮೇಲಿತ್ತು. ಸರ್ ಅವತ್ತು ಪುಸ್ತಕ ತೆರೆಯಲೇ ಇಲ್ಲ. "ಹೆಲೆನ್ ವಾಡೆಲ್ ತೀರಿಕೊಂಡರಂತೆ" ಅಂದರು. ಯಾರೋ ಹತ್ತಿರದವರಿರಬೇಕು ಅಂತ ನಾವೆಲ್ಲ ಎದ್ದು ನಿಂತೆವು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ನಾನೂ ಅವರನ್ನು ನೋಡಿಲ್ಲ."

ಆಮೇಲೆ ಗಂಟೆ ಪೂರ್ತಿ ಅವರದ್ದೇ ಮಾತು. ಹುಟ್ಟಿದ್ದು 1889ರಲ್ಲಿ, ಟೋಕಿಯೊದಲ್ಲಿ. ಅಪ್ಪ ಐರ್ಲೆಂಡಿನ ಪ್ರೆಸ್ಬಿಟೇರಿಯನ್ ಮಿಷನರಿ. ಹತ್ತು ಮಕ್ಕಳಲ್ಲಿ ಇವರೇ ಕಿರಿಯವರು. ಚಿಕ್ಕಂದಿನಲ್ಲೇ ಅಮ್ಮ ಹೋದರು, ಬೆಲ್‌ಫಾಸ್ಟಿಗೆ ಮರಳಿದ ಮೇಲೆ ಅಪ್ಪನೂ ಹೋದರು. 1911ರಲ್ಲಿ ಅಲ್ಲಿನ ಕ್ವೀನ್ಸ್ ಯೂನಿವರ್ಸಿಟಿಯಲ್ಲಿ ಫಸ್ಟ್ ಕ್ಲಾಸ್. ಆದರೆ ಮುಂದೆ ಹೋಗಲಾಗಲಿಲ್ಲ. ಮಲತಾಯಿಗೆ ಕಾಯಿಲೆ, ನೋಡಿಕೊಳ್ಳಲು ಮನೆಯಲ್ಲಿ ಇವರೇ. 1920ರಲ್ಲಿ ಆಕೆ ತೀರಿಕೊಂಡ ಮೇಲೆ ಆಕ್ಸ್‌ಫರ್ಡಿಗೆ ಹೊರಟರು. "ಆಗ ವಯಸ್ಸೆಷ್ಟು? ಲೆಕ್ಕ ಹಾಕ್ರಯ್ಯ!" ಮೂವತ್ತೊಂದು. ನಮಗೆ ಹದಿನಾರು. ಮೂವತ್ತೊಂದು ಅಂದರೆ ಮುದುಕಿಯೇ ಅನ್ನಿಸಿತು.

ಅಲ್ಲಿಂದ ಪ್ಯಾರಿಸ್. ಎರಡು ವರ್ಷ ಸ್ಕಾಲರ್‌ಶಿಪ್ಪಿನಲ್ಲಿ ಹಳೆ ಲ್ಯಾಟಿನ್ ಹಾಡುಗಳ ಬೆನ್ನು ಹತ್ತಿದರು. ಹನ್ನೆರಡನೇ ಶತಮಾನದಲ್ಲಿ ಓದು ಮುಗಿಸಿ ಕೆಲಸ ಸಿಗದೆ ಊರೂರು ಅಲೆದ ಹುಡುಗರಿದ್ದರಲ್ಲ, ಹೆಂಡ, ಹುಡುಗಿ, ವಸಂತ, ಖಾಲಿ ಜೇಬು ಅಂತ ಲ್ಯಾಟಿನ್ನಿನಲ್ಲೇ ಹಾಡಿಕೊಂಡವರು, ಅವರ ಕಥೆಯನ್ನು 1927ರಲ್ಲಿ ಪುಸ್ತಕ ಮಾಡಿದರು. ಹಾಡುಗಳ ಅನುವಾದ 1929ರಲ್ಲಿ. 1933ರಲ್ಲಿ ಅದೇ ಕಾಲದ ಪ್ಯಾರಿಸ್ ಪಂಡಿತ ಅಬೆಲಾರ್ಡನ ಮೇಲೆ ಕಾದಂಬರಿ. ಅಚ್ಚಿನ ಮೇಲೆ ಅಚ್ಚು ಕಂಡಿತು. ಪಂಡಿತರಲ್ಲಿ ಕೆಲವರು ಮೂಗು ಮುರಿದರು, ಕಲ್ಪನೆ ಜಾಸ್ತಿಯಾಯಿತು ಅಂತ. ಗೌರವ ಡಾಕ್ಟರೇಟುಗಳು ಬಂದವು, ಪ್ರೊಫೆಸರ್ ಕುರ್ಚಿ ಮಾತ್ರ ಬರಲಿಲ್ಲ. ಲಂಡನ್ನಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಬೇರೆಯವರ ಹಸ್ತಪ್ರತಿ ಓದಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ನೆನಪೇ ಕೈಕೊಟ್ಟಿತು. ಇಲ್ಲಿಗೆ ಬಂದಾಗ ಸರ್ ಡಸ್ಟರ್ ತೆಗೆದುಕೊಂಡು ಖಾಲಿ ಬೋರ್ಡನ್ನೇ ಒರೆಸಿದರು.

"ರೋಮಿನ ಮಹಾಕವಿ ವರ್ಜಿಲ್ ಬರೆದದ್ದು ಲಘು ಗುರು ಎಣಿಸಿ, ನಮ್ಮ ವೃತ್ತಗಳ ಹಾಗೆ. ಈ ಹುಡುಗರದ್ದು ತಾಳ, ಕೊನೆಗೊಂದು ಪ್ರಾಸ." ಅದೇ ಡಸ್ಟರಿನಿಂದ ಮೇಜು ತಟ್ಟಿದರು. ಸೀಮೆಸುಣ್ಣದ ಧೂಳು ಮುಂದಿನ ಬೆಂಚಿನ ತನಕ. "ಮೇಉಮ್ ಎಸ್ಟ್ ಪ್ರೊಪೋಸಿತುಮ್, ಇನ್ ತಬೆರ್ನಾ ಮೋರಿ." ಹೆಂಡದಂಗಡಿಯಲ್ಲೇ ಪ್ರಾಣ ಬಿಡಬೇಕೆಂದು ನನ್ನ ಸಂಕಲ್ಪ. ಬರೆದವನ ಹೆಸರೇ ಗೊತ್ತಿಲ್ಲ, ಆರ್ಚ್‌ಪೊಯೆಟ್ ಅನ್ನುತ್ತಾರೆ. ಜರ್ಮನಿಯ ಕಲೋನಿನ ಆರ್ಚ್‌ಬಿಷಪ್ಪರ ಆಶ್ರಯದಲ್ಲಿದ್ದವನು!

ಅರ್ಥ ಹೇಳುವ ಮೊದಲೇ ನಾವು ಬಿದ್ದು ಬಿದ್ದು ನಕ್ಕಿದ್ದೆವು. ಕುಡಿದವನು ಕೊನೆಗೆ ಬೀಳುವುದು ಮೋರಿಗೇ ಅಲ್ವಾ.

ಆ ರಾತ್ರಿ ಹಾಸ್ಟೆಲಿನ ಬಚ್ಚಲಲ್ಲಿ, ಮೋರಿಯ ಮೇಲಿನ ಬಿಳಿ ಗೋಡೆಗೆ ಇದ್ದಿಲಿನಿಂದ ಇಷ್ಟುದ್ದ ಅಕ್ಷರದಲ್ಲಿ ಆ ಸಾಲು ಬರೆದವನು ನಾನು. ದೀಪ ಹಿಡಿದವನು ನನ್ನ ರೂಮ್‌ಮೇಟ್. ವಾರ್ಡನ್ ಫಾದರ್‌ಗೆ ನಮಗಿಂತ ಚೆನ್ನಾಗಿ ಲ್ಯಾಟಿನ್ ಬರುತ್ತಿತ್ತು ಅನ್ನುವುದು ನಮಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸರ್‌ಗೆ ಹೇಳಿ ಕಳಿಸಿದರು.

ಸರ್ ಬಂದರು. ಪಂಚೆ ಎತ್ತಿ ಹಿಡಿದು, ಒದ್ದೆ ನೆಲದ ಮೇಲೆ ಹುಷಾರಾಗಿ ಹೆಜ್ಜೆ ಇಟ್ಟು, ಗೋಡೆ ಓದಿದರು. ಕೆಳಗೆ ಬಿದ್ದಿದ್ದ ಇದ್ದಿಲು ಎತ್ತಿಕೊಂಡು ಒಂದು ಅಕ್ಷರ ಹೊಡೆದು ಹಾಕಿದರು. ಸೀದಾ ನನ್ನ ಕಡೆ ತಿರುಗಿದರು.

"ತಬೆರ್ನಾಮ್ ಅಂದರೆ ಅಂಗಡಿಯ ಒಳಕ್ಕೆ. ಅದು ಹೋಗುವವನಿಗೆ. ಸಾಯುವವನಿಗೆ ತಬೆರ್ನಾ. ಮೊದಲು ವಿಭಕ್ತಿ ಸರಿ ಮಾಡು, ಆಮೇಲೆ ಸಾಯುವಿಯಂತೆ."

ಶಿಕ್ಷೆ ಎರಡು. ಗೋಡೆಗೆ ಸುಣ್ಣ ಹೊಡೆಯುವುದು, ಪದ್ಯ ಬಾಯಿಪಾಠ ಮಾಡುವುದು.

ನಾನು ಬ್ಯಾಂಕಿಗೆ ಸೇರಿ ಝೋನಲ್ ಮ್ಯಾನೇಜರ್ ಆಗಿ ನಿವೃತ್ತನಾದೆ. ನನ್ನ ಕೆಂಪು ಪೆನ್ನು ಅಂದರೆ ಮೂರು ಜಿಲ್ಲೆಯ ಶಾಖೆಗಳು ನಡುಗುತ್ತಿದ್ದವು. ಒಂದು ಅಕ್ಷರ ತಪ್ಪಿದರೂ ಬಿಡುತ್ತಿರಲಿಲ್ಲ. ಮೊಮ್ಮಗನಿಗೆ ಈಗ ತೊಂಬತ್ತೆಂಟು ಪರ್ಸೆಂಟ್. ಪಾಠ ಮಾಡಿದ್ದು ಯಾರು ಅಂತ ಸುಮ್ನೆ ಕೇಳಿದೆ. "ಯಾವ ಆ್ಯಪಿನಲ್ಲಿ ಅಜ್ಜ?" ಅಂದ.

ಸರ್ ಅಂತ್ಯಕ್ರಿಯೆಯ ಪೂಜೆ ಪೂರ್ತಿ ಕೊಂಕಣಿಯಲ್ಲಿ ನಡೆಯಿತು. ಮಣ್ಣು ಹಾಕಿ ಹೊರಗೆ ಬರುವಾಗ ದೀಪ ಹಿಡಿದಿದ್ದ ಆ ರೂಮ್‌ಮೇಟ್ ಸಿಕ್ಕಿದ. ಕೋಲು ಊರಿಕೊಂಡಿದ್ದ. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಇನ್ ತಬೆರ್ನಾಮ್ ಮೋರಿ" ಅಂದ.

"ತಬೆರ್ನಾ ಮಾರಾಯ" ಅಂದೆ. "ಮ್ ಇಲ್ಲ."