ಫಿಟ್ಟರ್ ತರಗತಿಯೂ ಬೀಟೆ ಮರದ ನವಿಲೂ

ಐಟಿಐಗೆ (ಕೈಗಾರಿಕಾ ತರಬೇತಿ ಸಂಸ್ಥೆ) ಫಿಟ್ಟರ್, ಅಂದರೆ ಯಂತ್ರದ ಭಾಗಗಳನ್ನು ಹೊಂದಿಸಿ ಜೋಡಿಸುವ ಕಸುಬಿನ, ತರಬೇತಿಗೆಂದು ಬರುವ ಹುಡುಗರಿಗೆ ತೀರ ಬೇಸರ ತರಿಸುವುದು ಫಿಟ್ಟಿಂಗ್ ಅಭ್ಯಾಸ. ಕಬ್ಬಿಣದ ಒಂದು ತುಂಡಿನಲ್ಲಿ ಚೌಕಾಕಾರದ ಕಚ್ಚು ತೆಗೆದು, ಅದರೊಳಗೆ ಇನ್ನೊಂದು ತುಂಡು ಬೆಳಕೂ ನುಸುಳದಂತೆ ಕೂರುವವರೆಗೆ ಫೈಲಿಂಗ್ (ಅರದಿಂದ ಉಜ್ಜುವುದು) ಮಾಡುತ್ತಲೇ ಇರಬೇಕು. ಮೈಸೂರಿನಲ್ಲಿ ಈ ಪಾಠ ಹೇಳುವ ನಾನು ಕಳೆದ ವರ್ಷ ಒಂದು ಶನಿವಾರ ನನ್ನ ತರಗತಿಯವರನ್ನು ಮಂಡಿ ಮೊಹಲ್ಲಾದ ಇನ್‌ಲೇ (ಮರದಲ್ಲಿ ಬೇರೆ ವಸ್ತುವಿನ ತುಂಡು ಕೂರಿಸುವ ಕುಸುರಿ) ಕುಶಲಕರ್ಮಿಯೊಬ್ಬರ ಮನೆಗೆ ಕರೆದೊಯ್ದೆ. ಸಿಲಬಸ್ ಮುಗಿಯದಿರುವಾಗ ಇದೆಲ್ಲ ಏಕೆಂದು ಸಹೋದ್ಯೋಗಿಗಳು ಕೇಳಿದ್ದರು. ಪಳಗಿದ ಕೈಯನ್ನು ಹತ್ತಿರದಿಂದ ನೋಡುವುದೂ ಪಾಠವೇ ಎಂಬುದು ನನ್ನ ನಂಬಿಕೆ.

ಮೊದಲು ಅರಮನೆಗೆ ಹೋಗಿ, ಅಂಬಾವಿಲಾಸ ಸಭಾಂಗಣದ ಬೀಟೆ ಬಾಗಿಲಿನಲ್ಲಿ ಕೂರಿಸಿರುವ ದಂತದ ಕುಸುರಿಯನ್ನು ನೋಡಿದೆವು. ದಂತದ ವ್ಯಾಪಾರ ನಿಷೇಧವಾದ ಮೇಲೆ ಕುಶಲಕರ್ಮಿಗಳು ಬೇರೆ ಬೇರೆ ಬಣ್ಣದ ಮರಗಳನ್ನೂ ಪ್ಲಾಸ್ಟಿಕ್ಕನ್ನೂ ಬಳಸುತ್ತಾರೆ.

ಅಲ್ಲಿಂದ ಕುಶಲಕರ್ಮಿಯ ಮನೆಗೆ ಹೋದೆವು. ಆ ಹಿರಿಯರು ನವಿಲಿನ ಚಿತ್ರವಿದ್ದ ಕಾಗದವನ್ನು ಹಳದಿ ಬಣ್ಣದ ತೆಳು ಹಲಸಿನ ಹಲಗೆಗೆ ಅಂಟಿಸಿ, ಕೂದಲೆಳೆಯಂಥ ಗರಗಸದಿಂದ ಕತ್ತಿನ ತಿರುವನ್ನು ಕತ್ತರಿಸತೊಡಗಿದರು. ಗರಗಸ ಮೇಲೆ ಕೆಳಗೆ ಮಾತ್ರ ಆಡುತ್ತಿತ್ತು, ತಿರುಗುತ್ತಿದ್ದದ್ದು ಹಲಗೆ. ಕತ್ತರಿಸಿದ ತುಂಡನ್ನು ಬೀಟೆಯ ಮೇಲಿಟ್ಟು ಸುತ್ತಲೂ ಮೊನೆಯಿಂದ ಗೀರಿ, ಗೀರಿಗೆ ತಾಗದಂತೆ ಒಳಗಿನಿಂದಲೇ ಉಳಿಯಲ್ಲಿ ಕಚ್ಚು ತೆಗೆದರು. ತುಂಡು ಕೂರಲಿಲ್ಲ. ಆಗ ಅವರು ತುಂಡನ್ನು ಮುಟ್ಟದೆ, ಕಚ್ಚಿನ ಅಂಚನ್ನಷ್ಟೇ ಮತ್ತೆ ಸವರಿದರು. ತುಂಡನ್ನೇ ಉಜ್ಜಿದರೆ ಬೇಗ ಆಗುವುದಿಲ್ಲವೇ ಎಂದು ಹುಡುಗನೊಬ್ಬ ಕೇಳಿದ. “ನವಿಲಿನ ಗೆರೆ ಬರೆದವರದು, ಅದನ್ನು ಕೆಡಿಸುವ ಹಕ್ಕು ನನಗಿಲ್ಲ. ಅದಕ್ಕೆ ಜಾಗ ಮಾಡಿಕೊಡುವುದು ನನ್ನ ಕೆಲಸ” ಎಂದರು.

ಗಂಡು ಭಾಗವನ್ನು (ಒಳಗೆ ಕೂರುವ ತುಂಡು) ಮೊದಲು ಅಳತೆಗೆ ಮುಗಿಸಿ, ಹೆಣ್ಣು ಭಾಗವನ್ನು (ಕಚ್ಚು ಇರುವ ತುಂಡು) ಅದಕ್ಕೆ ಹೊಂದಿಸಬೇಕೆಂದು ನಾನು ತರಗತಿಯಲ್ಲಿ ಹೇಳುತ್ತ ಬಂದಿರುವ ನಿಯಮವೂ ಇದೇ. ಅದರ ಕಾರಣ ಹುಡುಗರಿಗೆ ಅಲ್ಲಿ ಕಣ್ಣಾರೆ ಕಂಡಿತು. ಬಳಿಕ ಹಿರಿಯರು ಎಲ್ಲರ ಕೈಗೂ ಪೆನ್ಸಿಲ್ ಕೊಟ್ಟು ನವಿಲಿನ ಕತ್ತನ್ನು ಬರೆಯಿಸಿದರು. ಸ್ಕೇಲು, ಕೈವಾರವಿಲ್ಲದೆ ಗೆರೆ ಎಳೆದು ಎಷ್ಟೋ ವರ್ಷವಾಗಿದ್ದ ಕೈಗಳು ತಡವರಿಸಿದವು. ಆದರೂ ಯಾರೂ ಪೆನ್ಸಿಲ್ ಕೆಳಗಿಡಲಿಲ್ಲ.

ಒಂದೇ ದಿನದಲ್ಲಿ ಹುಡುಗರ ಕೆಲಸ ಸುಧಾರಿಸಿತೆಂದು ಹೇಳಲಾರೆ. ಆದರೆ ಜೋಡಿಸಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷಿಸುವುದನ್ನು ಅವರು ಹೇಳಿಸಿಕೊಳ್ಳದೆಯೇ ಮಾಡತೊಡಗಿದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಊರಿನಲ್ಲಿ ಆರಂಭವಾದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲೆಯೂ ಕಸುಬೂ ಒಟ್ಟಿಗೇ ಇದ್ದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆ, ವಿಜ್ಞಾನ, ವೃತ್ತಿಶಿಕ್ಷಣಗಳ ನಡುವೆ ಗೋಡೆ ಬೇಡವೆನ್ನುತ್ತದೆ. ಹೀಗಿದ್ದೂ ನಮ್ಮಲ್ಲಿ ಕಲೆಗೆ ಸಿಗುವುದು ವಾರ್ಷಿಕೋತ್ಸವದ ಒಂದು ಸಂಜೆ ಮಾತ್ರ. ಆ ಹಿರಿಯರನ್ನು ಅತಿಥಿ ಬೋಧಕರಾಗಿ ಕರೆಯಲು ಕೇಳಿದಾಗ, ಪ್ರಮಾಣಪತ್ರವಿಲ್ಲದವರಿಗೆ ಗೌರವಧನ ಕೊಡಲಾಗದೆಂಬ ಉತ್ತರ ಬಂತು. ಇಡೀ ಜೀವನ ಉಳಿ ಹಿಡಿದವರನ್ನು ಹೀಗೆ ಹೊರಗಿಡುವುದು ನನಗೆ ಒಪ್ಪಿಗೆಯಿಲ್ಲ. ಡೋವ್‌ಟೇಲ್ (ಪಾರಿವಾಳದ ಬಾಲದಾಕಾರದ ಜೋಡಣೆ) ಪಾಠ ಆರಂಭವಾಗುವ ಮೊದಲೇ ಅವರು ನಮ್ಮ ವರ್ಕ್‌ಶಾಪಿಗೆ ಬರುವಂತಾಗಬೇಕೆಂದು ಮತ್ತೆ ಅರ್ಜಿ ಬರೆದಿದ್ದೇನೆ.